ಬ್ರಾಗಾ–ಗಿಮರಾಯಿಶ್ ಒಂದೇ ದಿನದಲ್ಲಿ: ರೈಲೋ, ಟೂರೋ? (ಪ್ರತಿಕ್ರಿಯೆ)

ಪೋರ್ಚುಗಲ್‌ನ ಪೋರ್ಟೊದಿಂದ ಬ್ರಾಗಾ, ಗಿಮರಾಯಿಶ್ ಎರಡೂ ಊರು ಒಂದೇ ದಿನ ನೋಡಬೇಕು, ಜತೆಗೆ ಅಪ್ಪನಿಗೆ ಮೊಣಕಾಲು ನೋವು ಎಂದಿದ್ದೀರಿ. ಹಾಗಾದರೆ ಗೈಡ್ ಇರುವ ವ್ಯಾನ್ ಟೂರೇ ವಾಸಿ. ಪೋರ್ಟೊದಿಂದ ಎರಡಕ್ಕೂ ರೈಲಿದೆ, ಆದರೆ ಎರಡೂ ಬೇರೆ ಕವಲುಗಳು. ಒಂದರಿಂದ ಇನ್ನೊಂದಕ್ಕೆ ಹೋಗಲು ಕವಲು ಸೇರುವ ಲೋಸಾಡೊ ನಿಲ್ದಾಣದವರೆಗೆ ಹಿಂದೆ ಬಂದು ಗಾಡಿ ಬದಲಿಸಬೇಕು. ರಸ್ತೆಯಲ್ಲಾದರೆ ಸುಮಾರು 25 ಕಿ.ಮೀ. ಅಷ್ಟೇ.

ಬುಕ್ ಮಾಡುವ ಮುಂಚೆ ಕೇಳಲೇಬೇಕಾದ ಪ್ರಶ್ನೆ: ಬ್ರಾಗಾದಲ್ಲಿ ಬೆಟ್ಟದ ಮೇಲಿರುವ ಬೊಂ ಜೆಸುಶ್ ಚರ್ಚಿಗೆ ಹೋದಾಗ ವ್ಯಾನ್ ಎಲ್ಲಿ ನಿಲ್ಲುತ್ತದೆ? ಕೆಲವರು ಮೇಲೆ ಬಿಟ್ಟು, ಮೆಟ್ಟಿಲಲ್ಲಿ ಇಳಿದು ಬನ್ನಿ ಅನ್ನುತ್ತಾರೆ. ಐನೂರಕ್ಕೂ ಹೆಚ್ಚು ಮೆಟ್ಟಿಲು; ನೋವಿರುವ ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಅಪ್ಪನನ್ನು 1882ರ ಫ್ಯುನಿಕ್ಯುಲರ್‌ನಲ್ಲಿ (ಬೆಟ್ಟದ ಇಳಿಜಾರಿನಲ್ಲಿ ಹಳಿಯ ಮೇಲೆ ಕೇಬಲ್‌ನಿಂದ ಓಡುವ ಗಾಡಿ) ಕೂರಿಸಿ. ಅದಕ್ಕೆ ಎಂಜಿನ್ ಇಲ್ಲ: ಮೇಲಿನ ಗಾಡಿಯ ತೊಟ್ಟಿಗೆ ನೀರು ತುಂಬುತ್ತಾರೆ, ಆ ಭಾರಕ್ಕೆ ಅದು ಇಳಿಯುತ್ತ ಕೇಬಲ್‌ನ ಇನ್ನೊಂದು ತುದಿಯ ಗಾಡಿಯನ್ನು ಮೇಲಕ್ಕೆಳೆಯುತ್ತದೆ, ಕೆಳಗೆ ಬಂದ ಮೇಲೆ ನೀರು ಖಾಲಿ. ಟಿಕೆಟ್ ಸಾಮಾನ್ಯವಾಗಿ ಟೂರ್ ದರದಲ್ಲಿ ಸೇರಿರುವುದಿಲ್ಲ, ಕೇಳಿಕೊಳ್ಳಿ.

ಗಿಮರಾಯಿಶ್‌ನಲ್ಲಿ ಕೋಟೆಯಿಂದ ಶುರುಮಾಡುವ ಟೂರ್ ಆರಿಸಿ. ಪಕ್ಕದಲ್ಲೇ ಬ್ರಗಾನ್ಸಾ ಡ್ಯೂಕರ ಅರಮನೆ, ಅಲ್ಲಿಂದ ಒಲಿವೇರಾ ಚೌಕದವರೆಗೆ ಇಳಿಜಾರು. ಕೋಟೆಗೋಡೆಯ ಮೇಲಿನ ದಾರಿ ಇಕ್ಕಟ್ಟು. ಅಪ್ಪ ಕೆಳಗೇ ಇರಲಿ. ಮಳೆ ಬಿದ್ದರೆ ಗ್ರಾನೈಟ್ ಹಾಸುಗಲ್ಲು ಜಾರುತ್ತದೆ, ಹಿಡಿತವಿರುವ ಶೂ ಬೇಕು.

ಸಸ್ಯಾಹಾರಿಗಳಾದರೆ ಊಟದ ವಿಷಯ ಮೊದಲೇ ತಿಳಿಸಿ. ಕಾಲ್ಡೊ ವೆರ್ಡ್ ಎಂಬ ಅಲ್ಲಿನ ಸೂಪ್ ಹಸಿರಾಗಿದೆ ಎಂದು ಸಸ್ಯಾಹಾರವೆಂದು ನಂಬಬೇಡಿ, ತಳದಲ್ಲಿ ಹಂದಿ ಸಾಸೇಜಿನ ಬಿಲ್ಲೆ ಇರುತ್ತದೆ.