ಹತ್ತು ಸಿನಿಮಾ ಬೇಡ, ಟೆನಿಸ್ ಬ್ಯಾಟಿನ ಆ ಒಂದು ಸಿನಿಮಾ ಸಾಕು

ನಮಸ್ಕಾರ,

‘ಹಳೇ ಹಾಲಿವುಡ್: ನನ್ನ ಹತ್ತು ಸಿನಿಮಾ, ನನ್ನ ತಾರೆಯರು’ ಲೇಖನ ತಲುಪಿತು. ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ನಿಜವಾದ ಲೇಖನ ಇದೆ. ಎಂಟನೇ ಪುಟದಲ್ಲಿ, ಬರೀ ಹನ್ನೊಂದು ಸಾಲು. ಆ ಹನ್ನೊಂದು ಸಾಲು ಇಲ್ಲದಿದ್ದರೆ ‘ಸ್ವೀಕರಿಸಲು ಆಗಲಿಲ್ಲ, ಕ್ಷಮಿಸಿ’ ಅಂತ ಬರೆದು ಮುಗಿಸುತ್ತಿದ್ದೆ.

ಅದು ‘ದಿ ಅಪಾರ್ಟ್‌ಮೆಂಟ್’ ಬಗ್ಗೆ ನೀವು ಬರೆದಿರುವುದು. ಬಿಲ್ಲಿ ವೈಲ್ಡರ್ 1960ರಲ್ಲಿ ಮಾಡಿದ ಸಿನಿಮಾ. ನ್ಯೂಯಾರ್ಕಿನ ವಿಮಾ ಕಂಪನಿಯೊಂದರ ಗುಮಾಸ್ತ ಬಡ್ತಿಯ ಆಸೆಗೆ ತನ್ನ ಮನೆಯ ಕೀಲಿಯನ್ನು ಸಾಹೇಬರುಗಳಿಗೆ ಕೊಡುತ್ತಾನೆ. ಅವರು ತಮ್ಮ ಕದ್ದುಮುಚ್ಚಿನ ಸಂಬಂಧಗಳಿಗೆ ಆ ಮನೆ ಬಳಸುತ್ತಾರೆ, ಮನೆಯವನು ಚಳಿಯಲ್ಲಿ ಹೊರಗೆ ಕಾಯುತ್ತಾನೆ. ಈ ಕಥೆ ಎಲ್ಲರಿಗೂ ಸಿಗುತ್ತದೆ. ನೀವು ಬರೆದದ್ದು ಬೇರೆ. ಬೆಂಗಳೂರಿನ ಪಿಜಿಯಲ್ಲಿ ರಾತ್ರಿ ಹನ್ನೊಂದಕ್ಕೆ ಇಂಡಕ್ಷನ್ ಒಲೆಯ ಮೇಲೆ ನೂಡಲ್ಸ್ ಇಟ್ಟು ಫೋನಿನಲ್ಲಿ ನೋಡುತ್ತಿದ್ದಿರಿ, ಗುಮಾಸ್ತನ ಪಾತ್ರದ ಜ್ಯಾಕ್ ಲೆಮ್ಮನ್ ಟೆನಿಸ್ ಬ್ಯಾಟಿನಲ್ಲಿ ಸ್ಪಗೆಟ್ಟಿ ಸೋಸುವುದನ್ನು ಕಂಡು ಜೋರಾಗಿ ನಕ್ಕಿರಿ, ಆಮೇಲೆ ನಿಮ್ಮ ರೂಮಿನಲ್ಲಿ ಇರುವುದೇ ಒಂದು ತಟ್ಟೆ ಅನ್ನುವುದು ನೆನಪಾಗಿ ನಗು ನಿಂತಿತು. ಅಷ್ಟೇ. ಅಲ್ಲಿ ನನಗೆ ಗಂಟಲು ಕಟ್ಟಿತು. ಯಾಕೆ ಗೊತ್ತಾ? ಆ ದೃಶ್ಯ ಅಡುಗೆಯ ತಮಾಷೆ ಅಲ್ಲ. ದಿನಾ ಟಿವಿ ಮುಂದೆ ಒಬ್ಬನೇ ಉಣ್ಣುತ್ತಿದ್ದವನು ಮೊದಲ ಸಲ ಇಬ್ಬರಿಗೆ ಅಡುಗೆ ಮಾಡುತ್ತಿದ್ದಾನೆ, ಆ ಖುಷಿಗೆ ಗುನುಗುತ್ತಿದ್ದಾನೆ. ನೀವು ಅದನ್ನು ವಿವರಿಸಲು ಹೋಗಲಿಲ್ಲ. ನಿಮ್ಮ ಒಂದು ತಟ್ಟೆಯ ಮಾತಿನಿಂದಲೇ ಅದು ನನಗೆ ಮುಟ್ಟಿತು.

ಈಗ ಉಳಿದ ಪುಟಗಳಿಗೆ ಬರೋಣ. ‘ಅದ್ಭುತ’ 31 ಸಲ ಬಂದಿದೆ, ಎಣಿಸಿದೆ. ‘ಮನೋಜ್ಞ ಅಭಿನಯ’ ಏಳು ಸಲ. ‘ಎಲ್ಲರೂ ನೋಡಲೇಬೇಕಾದ ಚಿತ್ರ’ ಅಂತ ಒಂಬತ್ತು ಸಿನಿಮಾಗಳಿಗೆ ಹೇಳಿದ್ದೀರಿ. ಹೇಳದೆ ಉಳಿದಿರುವ ಹತ್ತನೆಯದು ‘ದಿ ಅಪಾರ್ಟ್‌ಮೆಂಟ್’. ಅಲ್ಲಿ ನಿಮಗೆ ಹೇಳಲು ಬೇರೆ ಮಾತಿತ್ತು, ಹಾಗಾಗಿ ಈ ಪದಗಳು ಬೇಕಾಗಲಿಲ್ಲ. ಅಭಿಪ್ರಾಯ ಇರಬೇಕು, ಜಾಸ್ತಿಯೇ ಇರಲಿ. ಆದರೆ ಅದ್ಭುತ ಅನ್ನುವುದು ತೀರ್ಪು. ನಾನು ಕೇಳುತ್ತಿರುವುದು ನೀವು ಏನು ನೋಡಿದಿರಿ ಅಂತ.

‘ಸಿಟಿಜನ್ ಕೇನ್’ ತೆಗೆದುಕೊಳ್ಳಿ. ಲೇಖನದಲ್ಲಿ ‘ಜಗತ್ತಿನ ಸರ್ವಶ್ರೇಷ್ಠ ಚಿತ್ರ’ ಅಂದಿದ್ದೀರಿ. ಜೊತೆಗೆ ಕಳಿಸಿದ ಪತ್ರದಲ್ಲಿ ಮಾತ್ರ ‘ಎರಡು ಸಲ ನೋಡಲು ಕೂತೆ, ಎರಡು ಸಲವೂ ನಿದ್ದೆ ಬಂತು’ ಅಂತ ಬರೆದಿದ್ದೀರಿ. ಪತ್ರದ ಮಾತು ಲೇಖನಕ್ಕೆ ಯಾಕೆ ಬರಲಿಲ್ಲ? ಸರ್ವಶ್ರೇಷ್ಠ ಅನ್ನುವುದು ನಿಮ್ಮ ಮಾತಲ್ಲ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳುತ್ತದೆ. ಅದರಲ್ಲಿ 1962ರಿಂದ 2002ರವರೆಗೆ ‘ಕೇನ್’ ಮೊದಲ ಸ್ಥಾನದಲ್ಲಿತ್ತು, ಅಲ್ಲಿಂದ ಆ ಮಾತು ಹಬ್ಬಿತು. 2012ರಲ್ಲಿ ಆ ಜಾಗಕ್ಕೆ ಹಿಚ್‌ಕಾಕ್‌ನ ‘ವರ್ಟಿಗೋ’ ಬಂತು, 2022ರಲ್ಲಿ ಅದೂ ಕೆಳಗಿಳಿಯಿತು. ಪಟ್ಟಿಗಳು ಬದಲಾಗುತ್ತವೆ. ನಿಮಗೆ ನಿದ್ದೆ ಬಂದದ್ದು ಬದಲಾಗುವುದಿಲ್ಲ. ಎಲ್ಲಿ ಬಂತು? ಯಾರು ಮಾತಾಡುವಾಗ? ಅದನ್ನು ಬರೆಯಿರಿ, ಖಂಡಿತ ಹಾಕುತ್ತೇನೆ.

ನನ್ನನ್ನು ಕೇಳಿದರೆ ‘ಕೇನ್’ ಬಗ್ಗೆ ನನಗೆ ಪ್ರೀತಿಗಿಂತ ಗೌರವ ಜಾಸ್ತಿ. ಆದರೂ ಎರಡು ಕಡೆ ಅದು ನನ್ನನ್ನು ಬಿಡುವುದಿಲ್ಲ. ಒಂದು, ಒಳಗೆ ತಾಯಿ ಕಾಗದಕ್ಕೆ ಸಹಿ ಹಾಕಿ ಮಗನನ್ನು ಬೇರೆಯವರಿಗೆ ಒಪ್ಪಿಸುತ್ತಿರುವಾಗ, ಅದೇ ಚೌಕಟ್ಟಿನಲ್ಲಿ, ದೂರದ ಕಿಟಕಿಯಾಚೆ ಆ ಹುಡುಗ ಹಿಮದಲ್ಲಿ ಆಡುತ್ತಿರುವುದು. ಛಾಯಾಗ್ರಾಹಕ ಗ್ರೆಗ್ ಟೋಲೆಂಡ್ ಹತ್ತಿರದ್ದು ದೂರದ್ದು ಎರಡನ್ನೂ ಸ್ಪಷ್ಟವಾಗಿ ಹಿಡಿದ ಕಾರಣ ನಾವು ತಾಯಿಯನ್ನೂ ನೋಡಬೇಕು, ಮಗನನ್ನೂ ನೋಡಬೇಕು. ಇನ್ನೊಂದು, ತಿಂಡಿಯ ಮೇಜು. ಗಂಡ ಹೆಂಡತಿ ಕೂತಿದ್ದಾರೆ, ವರ್ಷಗಳು ಉರುಳುತ್ತವೆ, ಮಾತು ಕಡಿಮೆಯಾಗುತ್ತಾ ಹೋಗುತ್ತದೆ, ಕೊನೆಗೆ ಅವಳು ಪತ್ರಿಕೆ ನಡೆಸುವ ಗಂಡನ ಎದುರೇ ಅವನ ಪ್ರತಿಸ್ಪರ್ಧಿಯ ಪತ್ರಿಕೆ ಓದುತ್ತಾ ಕೂತಿರುತ್ತಾಳೆ. ಒಂದು ಮದುವೆ ಮುಗಿದದ್ದನ್ನು ಎರಡೇ ಎರಡು ನಿಮಿಷದಲ್ಲಿ ತೋರಿಸಿದ ನಿರ್ದೇಶಕ ಆರ್ಸನ್ ವೆಲ್ಸ್‌ಗೆ ಆಗ ವಯಸ್ಸು 25. ನಿದ್ದೆ ಬರದ ಹೊತ್ತು ನೋಡಿ ಮತ್ತೊಂದು ಸಲ ಪ್ರಯತ್ನಿಸಿ. ಆಗಲೂ ಹಿಡಿಸದಿದ್ದರೆ ಹಿಡಿಸಲಿಲ್ಲ ಅಂತಲೇ ಬರೆಯಿರಿ.

‘ಕಾಸಾಬ್ಲಾಂಕಾ’ ಭಾಗದಲ್ಲಿ ಒಂದು ತಪ್ಪಿದೆ. ‘ಪ್ಲೇ ಇಟ್ ಅಗೇನ್, ಸ್ಯಾಮ್’ ಅನ್ನುವ ಮಾತು ಆ ಸಿನಿಮಾದಲ್ಲಿ ಇಲ್ಲವೇ ಇಲ್ಲ. ನೀವು ಅದನ್ನು ಅತ್ಯಂತ ಇಷ್ಟದ ಸಂಭಾಷಣೆ ಅಂದಿದ್ದೀರಿ. ಸಿನಿಮಾ ನೋಡಿ ಬರೆದದ್ದೋ ಇಂಟರ್ನೆಟ್ಟಿನಲ್ಲಿ ಓದಿ ಬರೆದದ್ದೋ ಅನ್ನುವ ಅನುಮಾನ ಓದುಗರಿಗೆ ಒಮ್ಮೆ ಹತ್ತಿದರೆ ಆಮೇಲೆ ನೀವು ಏನು ಹೇಳಿದರೂ ನಂಬುವುದಿಲ್ಲ. ನಾಯಕನಟ ಬೋಗಾರ್ಟ್ ಹೆಸರನ್ನೂ ಮೂರು ಥರ ಬರೆದಿದ್ದೀರಿ, ಒಂದಕ್ಕೆ ನಿಲ್ಲಿ.

ಅದೇ ಭಾಗದಲ್ಲಿ, ಪಿಯಾನೋ ನುಡಿಸುವ ಸ್ಯಾಮ್ ಪಾತ್ರ ಮಾಡಿದ ಡೂಲಿ ವಿಲ್ಸನ್‌ಗೆ ಪಿಯಾನೋ ಬರುತ್ತಿರಲಿಲ್ಲ, ಅವರು ಡ್ರಮ್ ಬಾರಿಸುವವರು ಅಂತ ಒಂದು ಪ್ಯಾರಾ ಇದೆ. ನಿಜವೇ. ಆದರೆ ಇದು ಗೊತ್ತಾದ ಮೇಲೆ ಸಿನಿಮಾ ಬೇರೆ ಥರ ಕಾಣುತ್ತದಾ? ನನಗೆ ಕಾಣಲಿಲ್ಲ. ಇನ್ನೊಂದು ಸಂಗತಿ ಹೇಳುತ್ತೇನೆ ನೋಡಿ. ನಾಯಕ ರಿಕ್‌ನ ಹೋಟೆಲಿನಲ್ಲಿ ಜರ್ಮನ್ ಅಧಿಕಾರಿಗಳು ತಮ್ಮ ಹಾಡು ಹಾಡುತ್ತಾರೆ, ಉಳಿದವರೆಲ್ಲ ಎದ್ದು ಫ್ರಾನ್ಸಿನ ರಾಷ್ಟ್ರಗೀತೆ ಹಾಡಿ ಅದನ್ನು ಮುಳುಗಿಸುತ್ತಾರೆ. ಅಲ್ಲಿ ಕಣ್ಣೀರು ಸುರಿಸುತ್ತಾ ಹಾಡುವ ಹುಡುಗಿ ಮಡೆಲೀನ್ ಲೆಬೋ. 1940ರಲ್ಲಿ ಜರ್ಮನ್ ಸೈನ್ಯ ಬರುತ್ತಿದ್ದಾಗ ಗಂಡನ ಜೊತೆ ಪ್ಯಾರಿಸ್ ಬಿಟ್ಟು ಓಡಿಬಂದವರು. ಗಂಡ ಮಾರ್ಸೆಲ್ ಡಾಲಿಯೋ ಕೂಡ ಅದೇ ಸಿನಿಮಾದಲ್ಲಿದ್ದಾರೆ, ಜೂಜಿನ ಮೇಜು ನಡೆಸುವವನಾಗಿ. ನಾಜಿ ಮೇಜರ್ ಪಾತ್ರ ಮಾಡಿದ ಕಾನ್ರಾಡ್ ವೈಟ್ ಜರ್ಮನಿಯವರು. ಹೆಂಡತಿ ಯಹೂದಿ, ನಾಜಿಗಳು ಬಂದ ಮೇಲೆ ದೇಶ ಬಿಟ್ಟವರು. ಚಿತ್ರೀಕರಣ ನಡೆದದ್ದು 1942ರ ಬೇಸಿಗೆಯಲ್ಲಿ, ಪ್ಯಾರಿಸ್ ಇನ್ನೂ ಜರ್ಮನರ ಕೈಯಲ್ಲಿತ್ತು. ಯುದ್ಧ ಯಾರು ಗೆಲ್ಲುತ್ತಾರೆ ಅಂತ ಆ ಹುಡುಗಿಗೆ ಗೊತ್ತಿರಲಿಲ್ಲ. ನಾನು ಕಾಲೇಜಿನಲ್ಲಿ ಮೊದಲ ಸಲ ನೋಡಿದಾಗ ಅದು ಬರೀ ಒಂದು ಜೋಶಿನ ಹಾಡು. ಇದು ತಿಳಿದ ಮೇಲೆ ಆ ಮುಖ ಬಂದಾಗ ನನಗೆ ಉಸಿರು ಹಿಡಿದ ಹಾಗಾಗುತ್ತದೆ. ಇಂಥ ಮಾಹಿತಿ ಇಟ್ಟುಕೊಳ್ಳಿ. ಉಳಿದದ್ದನ್ನು ಬಿಡಿ, ಎಷ್ಟೇ ಸ್ವಾರಸ್ಯವಾಗಿರಲಿ.

‘ಗಾನ್ ವಿತ್ ದಿ ವಿಂಡ್’ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ನಾಲ್ಕು ಪುಟ ವಿವಿಯನ್ ಲೀ ಸೌಂದರ್ಯ, ಉಡುಪು, ಅಟ್ಲಾಂಟಾ ಹೊತ್ತಿ ಉರಿಯುವ ದೃಶ್ಯ. ಗುಲಾಮಗಿರಿಯ ಬಗ್ಗೆ ಒಂದು ಸಾಲೂ ಇಲ್ಲ. ಆ ಸಿನಿಮಾ ಅಮೆರಿಕದ ದಕ್ಷಿಣದಲ್ಲಿ ಗುಲಾಮರನ್ನು ಇಟ್ಟುಕೊಂಡವರ ಕಾಲವನ್ನು ಕಳೆದುಹೋದ ಸ್ವರ್ಗ ಅನ್ನುವ ಹಾಗೆ ತೋರಿಸುತ್ತದೆ. ನೀವು ಸಿನಿಮಾ ಇಷ್ಟಪಡಬಹುದು, ನನಗೂ ಅದರ ಕೆಲವು ಭಾಗ ಇಷ್ಟ, ಆದರೆ ಅದನ್ನು ನೋಡಿಯೂ ನೋಡದ ಹಾಗೆ ಹೋಗಬಾರದು. ಮನೆಯ ಗುಲಾಮ ಹೆಂಗಸು ಮ್ಯಾಮಿಯ ಪಾತ್ರ ಮಾಡಿದ ಹ್ಯಾಟಿ ಮೆಕ್‌ಡೇನಿಯಲ್ ಹೆಸರು ಕೂಡ ಲೇಖನದಲ್ಲಿಲ್ಲ. 1939ರ ಡಿಸೆಂಬರಿನಲ್ಲಿ ಅಟ್ಲಾಂಟಾದಲ್ಲಿ ನಡೆದ ಮೊದಲ ಪ್ರದರ್ಶನಕ್ಕೆ ಅವರು ಹೋಗುವ ಹಾಗಿರಲಿಲ್ಲ, ಕಪ್ಪು ಜನಕ್ಕೆ ಅಲ್ಲಿ ಪ್ರವೇಶವಿರಲಿಲ್ಲ. 1940ರ ಫೆಬ್ರುವರಿ 29ರಂದು ಲಾಸ್ ಏಂಜಲೀಸಿನ ಹೋಟೆಲಿನಲ್ಲಿ ಅವರಿಗೆ ಆಸ್ಕರ್ ಬಂತು, ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ವ್ಯಕ್ತಿ ಅವರೇ. ಆದರೆ ಅವತ್ತು ಅವರನ್ನು ಕೂರಿಸಿದ್ದು ಚಿತ್ರತಂಡದ ಜೊತೆಗಲ್ಲ, ಗೋಡೆ ಪಕ್ಕದ ಬೇರೆ ಮೇಜಿನಲ್ಲಿ. ಇದು ಗೊತ್ತಿದ್ದು ಮ್ಯಾಮಿ ನಾಯಕಿ ಸ್ಕಾರ್ಲೆಟ್‌ಳನ್ನು ಗದರಿಸುವ ದೃಶ್ಯ ಮತ್ತೆ ನೋಡಿ. ಇಡೀ ಮನೆ ನಡೆಯುವುದು ಆ ಹೆಂಗಸಿನಿಂದ ಅನ್ನುವುದನ್ನು ಮೆಕ್‌ಡೇನಿಯಲ್ ಕಣ್ಣಲ್ಲೇ ತೋರಿಸುತ್ತಾರೆ.

ಅದೇ ಭಾಗದಲ್ಲಿ ವಿವಿಯನ್ ಲೀ ಡಾರ್ಜಿಲಿಂಗಿನಲ್ಲಿ ಹುಟ್ಟಿದವಳು, ಹಾಗಾಗಿ ‘ನಮ್ಮವಳು’ ಅಂದಿದ್ದೀರಿ. ಹುಟ್ಟಿದ್ದು ನಿಜ, 1913ರಲ್ಲಿ. ಆರು ವರ್ಷಕ್ಕೆ ಇಂಗ್ಲೆಂಡಿನ ಶಾಲೆಗೆ ಹೋದರು. ನೀವು ಹೆಗ್ಗಡದೇವನಕೋಟೆ ಕಡೆಯವರು ಅಂತ ಪತ್ರದಲ್ಲಿ ಓದಿದೆ, ಹಾಗಾಗಿ ಕೇಳುತ್ತೇನೆ, ನಿಮ್ಮ ಪಕ್ಕದ ಕಾರಾಪುರದ ಸಾಬು ನಿಮಗೆ ನೆನಪಾಗಲಿಲ್ವಾ? ಮೈಸೂರು ಮಹಾರಾಜರ ಆನೆ ಮಾವುತನ ಮಗ, ಹುಟ್ಟಿದ್ದು 1924ರಲ್ಲಿ. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ತಂಡದ ಕಣ್ಣಿಗೆ ಬಿದ್ದು 1937ರ ‘ಎಲಿಫೆಂಟ್ ಬಾಯ್’ ಅನ್ನುವ ಬ್ರಿಟಿಷ್ ಸಿನಿಮಾದಲ್ಲಿ ನಟಿಸಿದ, ಅದರ ಹೊರಾಂಗಣ ಚಿತ್ರೀಕರಣ ಮೈಸೂರು ಸೀಮೆಯಲ್ಲೇ ಆಯಿತು. ಅಲ್ಲಿಂದ ಲಂಡನ್, ಆಮೇಲೆ ಹಾಲಿವುಡ್. 1942ರ ‘ಜಂಗಲ್ ಬುಕ್’ನ ಮೋಗ್ಲಿ ಅವನೇ. ಅಮೆರಿಕದ ಪ್ರಜೆಯಾಗಿ, ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ ಹೋರಾಡಿ ಪದಕ ಪಡೆದ. ಹಾಲಿವುಡ್ ಮಾತ್ರ ಅವನಿಗೆ ಕಾಡಿನ ಹುಡುಗ, ಅರಬ್ಬೀ ಕಥೆಯ ಹುಡುಗ ಇಂಥ ಪಾತ್ರಗಳನ್ನೇ ಕೊಡುತ್ತಾ ಬಂತು. 39 ವರ್ಷಕ್ಕೆ ಹೃದಯಾಘಾತದಿಂದ ಹೋದ. ನೀವು ಅವನ ಬಗ್ಗೆ ಬರೆಯಲೇಬೇಕು ಅಂತಿಲ್ಲ. ಯಾರನ್ನಾದರೂ ನಮ್ಮವರು ಅನ್ನುವ ಆಸೆ ಇದ್ದರೆ ಅಷ್ಟು ದೂರ ಹೋಗಬೇಕಿರಲಿಲ್ಲ.

‘ಅದು ಚಿನ್ನದ ಕಾಲ, ಆಗಿನವರದ್ದೇ ನಿಜವಾದ ನಟನೆ’ ಅನ್ನುವ ಕೊನೆಯ ಪುಟ ಪೂರ್ತಿ ತೆಗೆಯಿರಿ. ಸಿನಿಮಾ ಚೆನ್ನಾಗಿತ್ತು ನಿಜ. ಕಾಲ ಎಲ್ಲರಿಗೂ ಚಿನ್ನ ಆಗಿರಲಿಲ್ಲ. ಸ್ಟುಡಿಯೋಗಳು ನಟರನ್ನು ಏಳು ವರ್ಷದ ಕರಾರಿಗೆ ಕಟ್ಟಿಹಾಕುತ್ತಿದ್ದವು, ಪಾತ್ರ ಬೇಡ ಅಂದರೆ ಅಮಾನತು, ಅಮಾನತಿನ ದಿನಗಳನ್ನೂ ಕರಾರಿಗೆ ಸೇರಿಸುತ್ತಿದ್ದರು. ನೀವು ಹೊಗಳಿದ ಅದೇ ‘ಗಾನ್ ವಿತ್ ದಿ ವಿಂಡ್’ನ ಮೆಲನಿ, ಒಲಿವಿಯಾ ಡಿ ಹ್ಯಾವಿಲ್ಯಾಂಡ್, ವಾರ್ನರ್ ಸ್ಟುಡಿಯೋ ವಿರುದ್ಧ ಕೋರ್ಟಿಗೆ ಹೋಗಿ 1944ರಲ್ಲಿ ಗೆದ್ದ ಮೇಲೇ ಆ ಪದ್ಧತಿ ಮುರಿಯಿತು. ‘ರೋಮನ್ ಹಾಲಿಡೇ’ ಕಥೆ ಬರೆದ ಡಾಲ್ಟನ್ ಟ್ರಂಬೋ ಕಮ್ಯುನಿಸ್ಟ್ ಅಂತ, ಕೆಲಸ ಕೊಡಬಾರದವರ ಕಪ್ಪುಪಟ್ಟಿಯಲ್ಲಿದ್ದ ಕಾರಣ 1953ರಲ್ಲಿ ತೆರೆಯ ಮೇಲೆ ಬಂದದ್ದು ಗೆಳೆಯನ ಹೆಸರು, ಕಥೆಗೆ ಬಂದ ಆಸ್ಕರ್ ಕೂಡ ಅವನ ಹೆಸರಿಗೇ ಹೋಯಿತು. ಆ ಆಸ್ಕರ್ ಟ್ರಂಬೋ ಹೆಸರಿಗೆ ಬಂದದ್ದು 1993ರಲ್ಲಿ, ಅವರು ತೀರಿಕೊಂಡು 17 ವರ್ಷ ಆಗಿತ್ತು.

ಮರ್ಲಿನ್ ಮನ್ರೋಗೆ ನಟನೆ ಬರುತ್ತಿರಲಿಲ್ಲ ಅಂದಿದ್ದೀರಿ. ನಾನು ಒಪ್ಪುವುದಿಲ್ಲ. ‘ಸಮ್ ಲೈಕ್ ಇಟ್ ಹಾಟ್’ನಲ್ಲಿ ರೈಲಿನ ಮೇಲಿನ ಬರ್ತ್‌ಗೆ ಹತ್ತಿಬಂದು ಲೆಮ್ಮನ್ ಜೊತೆ ಮಾತಾಡುವ ದೃಶ್ಯದಲ್ಲಿ ಅವರ ಟೈಮಿಂಗ್ ನೋಡಿ. ಆದರೂ ಇಡೀ ಲೇಖನದಲ್ಲಿ ಧೈರ್ಯವಾಗಿ ಹೇಳಿದ ಅಭಿಪ್ರಾಯ ಇದೊಂದೇ, ಹಾಗಾಗಿ ಬಿಟ್ಟುಬಿಡಿ ಅನ್ನಲ್ಲ. ಯಾವ ದೃಶ್ಯದಲ್ಲಿ ಹಾಗನ್ನಿಸಿತು ಅಂತ ತೋರಿಸಿ, ಬೇರೆಯದೇ ಲೇಖನ ಆಗುತ್ತದೆ.

ಈಗ ಮಾಡಬೇಕಾದ್ದು. ‘ದಿ ಅಪಾರ್ಟ್‌ಮೆಂಟ್’ ಒಂದನ್ನೇ ಇಟ್ಟುಕೊಂಡು 1,200 ಪದ ಬರೆಯಿರಿ. ಮತ್ತೆ ಎರಡು ಸಲ ನೋಡಿ, ಸಾಧ್ಯವಾದರೆ ಫೋನ್ ಬಿಟ್ಟು ದೊಡ್ಡ ಪರದೆಯಲ್ಲಿ, ಆ ಕಪ್ಪುಬಿಳುಪಿನ ಅಗಲ ಫೋನಿನಲ್ಲಿ ಸಿಗುವುದಿಲ್ಲ. ಸಾಲು ಸಾಲು ಮೇಜುಗಳ ಆ ಆಫೀಸು ಎಷ್ಟು ದೂರದವರೆಗೆ ಹೋಗುತ್ತದೆ ಗಮನಿಸಿ. ಕಲಾ ನಿರ್ದೇಶಕ ಅಲೆಕ್ಸಾಂಡರ್ ಟ್ರೌನರ್ ಹಿಂದಕ್ಕೆ ಹೋದ ಹಾಗೆ ಮೇಜುಗಳನ್ನು ಚಿಕ್ಕದು ಮಾಡುತ್ತಾ, ಕೊನೆಯ ಸಾಲುಗಳಲ್ಲಿ ಮಕ್ಕಳನ್ನೇ ಕೂರಿಸಿ ಆ ಉದ್ದ ತಂದರು. ನೀವು ಕೂಡ ಅಂಥ ಸಾಲು ಮೇಜುಗಳ ನಡುವೆ ಕೆಲಸ ಮಾಡುವವರು, ಅಲ್ವಾ? ನಿಮ್ಮ ಮೇಜು ಎಷ್ಟನೇ ಸಾಲಿನಲ್ಲಿದೆ ಅಂತ ಬರೆಯಿರಿ.

ಮತ್ತೆ ಆ ಒಡೆದ ಕನ್ನಡಿ. ಕ್ರಿಸ್ಮಸ್ ಪಾರ್ಟಿಯ ದಿನ ಆ ಗುಮಾಸ್ತ ಬ್ಯಾಕ್ಸ್‌ಟರ್ ಹೊಸ ಟೋಪಿ ಹಾಕಿಕೊಂಡು ಹೇಗಿದೆ ಅಂತ ನೋಡಲು ತಾನು ಇಷ್ಟಪಡುವ ಫ್ರಾನ್ ಕೊಟ್ಟ ಚಿಕ್ಕ ಕನ್ನಡಿ ತೆರೆಯುತ್ತಾನೆ, ಅದರಲ್ಲಿ ಬಿರುಕು, ತನ್ನ ಮನೆಯಲ್ಲಿ ಸಿಕ್ಕಿ ತಾನೇ ಸಾಹೇಬನಿಗೆ ವಾಪಸ್ ಕೊಟ್ಟ ಕನ್ನಡಿ ಇದೇ ಅಂತ ಗೊತ್ತಾಗುತ್ತದೆ. ನೀವು ಅದನ್ನು ‘ಹೃದಯಸ್ಪರ್ಶಿ ದೃಶ್ಯ’ ಅಂದು ಮುಂದೆ ಹೋಗಿದ್ದೀರಿ. ಅಲ್ಲಿ ನಿಲ್ಲಿ. ಅವನ ಮುಖ ಆ ಕನ್ನಡಿಯಲ್ಲಿ ಹೇಗೆ ಕಾಣುತ್ತದೆ ಅಂತ ನಿಮ್ಮ ಮಾತಿನಲ್ಲಿ ಹೇಳಿ, ಎಷ್ಟು ಸಾಲು ಬೇಕಾದರೂ ತೆಗೆದುಕೊಳ್ಳಿ.

ಟೆನಿಸ್ ಬ್ಯಾಟ್ ಮತ್ತು ಒಂದು ತಟ್ಟೆಯ ಆ ಹನ್ನೊಂದು ಸಾಲನ್ನು ಮಾತ್ರ ಮುಟ್ಟಬೇಡಿ. ಒಂದು ಅಕ್ಷರವನ್ನೂ. ತಿಂಗಳೊಳಗೆ ಕಳಿಸಿ, ಕಾಯುತ್ತಿರುತ್ತೇನೆ.