ಗೈಡ್ ಮೇಲೆ ಈಗಲೇ ದೂರು ಕೊಡಲಾ, ಥೀಸಿಸ್ ಮುಗಿಯುವವರೆಗೆ ಕಾಯಲಾ?

ಥೀಸಿಸ್ ಮುಗಿಯಲಿ, ಆಮೇಲೆ ನೋಡೋಣ. ನಾನೂ ಹೀಗೇ ಅಂದುಕೊಂಡಿದ್ದೆ. ರಾತ್ರಿ ಹನ್ನೊಂದಕ್ಕೆ ನನ್ನ ಗೈಡ್ ವಾಟ್ಸಾಪ್, ಚಾಪ್ಟರ್ ತಿದ್ದಲು ಮನೆಗೇ ಬಾ ಅನ್ನುವುದು, ಕೊನೆಗೊಂದು ದಿನ ಚೇಂಬರ್‌ನಲ್ಲಿ ಕೈ ಹಿಡಿದದ್ದು. ಬಿಡಿಸಿ ಹೇಳುವುದು ಬೇಡ, ನಿಮಗೆ ಗೊತ್ತಿದೆ.

ಅವತ್ತು ರಾತ್ರಿಯೇ ಎರಡು ಪುಟ ಬರೆದೆ. ಕೊಟ್ಟದ್ದು ವಿಭಾಗದ ಮುಖ್ಯಸ್ಥರ, ಅಂದರೆ ಎಚ್‌ಓಡಿ ಕೈಗೆ. ಓದಿ, ಮಡಚಿ, ಡ್ರಾಯರ್‌ಗೆ ಹಾಕಿದರು. "ನಾನು ಮಾತಾಡ್ತೀನಿ ಬಿಡಮ್ಮ, ಡಿಪಾರ್ಟ್‌ಮೆಂಟ್ ಮರ್ಯಾದೆ ಪ್ರಶ್ನೆ" ಅಂದರು. ನಂಬಿದೆ. ಒಂದು ಜೆರಾಕ್ಸ್ ಕೂಡ ಇಟ್ಟುಕೊಳ್ಳಲಿಲ್ಲ. ಎರಡು ಮಹಡಿ ಇಳಿದರೆ ಟಪಾಲು ವಿಭಾಗ ಇತ್ತು. ಅಲ್ಲಿ ಕೊಟ್ಟು, ನನ್ನ ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಲು ಐದು ನಿಮಿಷ ಸಾಕಿತ್ತು. ಸ್ಕಾಲರ್‌ಶಿಪ್ ಅರ್ಜಿಗೆಲ್ಲ ಜಗಳ ಮಾಡಿ ಸೀಲು ಹಾಕಿಸಿಕೊಂಡವಳೇ ನಾನು! ಇದನ್ನು ಮಾತ್ರ ಗುಮಾಸ್ತರು ಓದಿಬಿಟ್ಟರೆ ಅಂತ ನಾಚಿಕೆ. ಲಕೋಟೆ ಅಂಟಿಸಿ ಮೇಲೆ 'ಗೋಪ್ಯ' ಅಂತ ಬರೆಯಬಹುದಿತ್ತು, ಅಲ್ವಾ? ಹೊಳೆಯಲೇ ಇಲ್ಲ.

"ಮುಂದಿನ ವಾರ" ಅನ್ನುತ್ತಲೇ ನಾಲ್ಕು ತಿಂಗಳು ಕಳೆದರು. ಆಮೇಲೆ ಆಂತರಿಕ ದೂರು ಸಮಿತಿಗೆ ಹೋದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಘಟನೆಯಾದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಮತ್ತೆ ಮತ್ತೆ ನಡೆದಿದ್ದರೆ ಕೊನೆಯದರಿಂದ ಲೆಕ್ಕ. ತಡವಾದದ್ದಕ್ಕೆ ಕಾರಣ ಒಪ್ಪಿಗೆಯಾದರೆ ಸಮಿತಿ ಇನ್ನೂ 3 ತಿಂಗಳವರೆಗೆ ಬಿಡಬಹುದು. ನನ್ನ ಕಾರಣ ಆ ಕಾಗದವೇ. "ನನಗೆ ಯಾವ ಪತ್ರವೂ ಬಂದಿಲ್ಲ" ಅಂದರು ಎಚ್‌ಓಡಿ. ಅಲ್ಲಿಗೆ ಮುಗಿಯಿತು. ಗೈಡ್ ಬದಲಾಯಿಸಿ, ವಿಷಯವನ್ನೂ ಬದಲಾಯಿಸಿ ಒಂದೂವರೆ ವರ್ಷ ಜಾಸ್ತಿ ತಿಣುಕಿದೆ. ಆ ಹಳೆಯ ಗೈಡ್ ಈಗಲೂ ಪಾಠ ಮಾಡುತ್ತಿದ್ದಾರೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಥೀಸಿಸ್ ಮುಗಿಯುವಷ್ಟು ಕಾಲ ಕಾಯ್ದೆ ಕಾಯುವುದಿಲ್ಲ. ಥೀಸಿಸ್‌ಗೆ ಕಲ್ಲು ಹಾಕುತ್ತಾರೆ ಅನ್ನುವ ಭಯವೇ? ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮದಲ್ಲಿ ಅದಕ್ಕೊಂದು ದಾರಿ ಇದೆ. ನಿಮ್ಮ ಕೆಲಸದ ಮೌಲ್ಯಮಾಪನದಿಂದ ಆ ಗೈಡ್‌ರನ್ನು ದೂರ ಇಡಿ ಅಂತ ಸಮಿತಿ ಶಿಫಾರಸು ಮಾಡಬಹುದು. ದೂರಿನಲ್ಲೇ ಅದನ್ನು ಕೇಳಿ, ಸುಮ್ನೆ ಕೂತರೆ ಯಾರೂ ಕೊಡುವುದಿಲ್ಲ. ಎಚ್‌ಓಡಿ ರಾಜಿ ಮಾಡಿಸುತ್ತೇನೆ ಅಂದರೆ ಎದ್ದು ಬನ್ನಿ. ಅದೇ ನಿಯಮದಂತೆ ಎಚ್‌ಓಡಿ ಆ ಸಮಿತಿಯ ಸದಸ್ಯರೂ ಆಗುವಂತಿಲ್ಲ, ಇನ್ನು ರಾಜಿ ಮಾಡಿಸಲು ಇವರ್ಯಾರು?

ವಾಟ್ಸಾಪ್ ಅಳಿಸಬೇಡಿ. ಊಟದ ಹೊತ್ತಿಗೆ ಟಪಾಲು ವಿಭಾಗದಲ್ಲಿ ಯಾರೂ ಸಿಗುವುದಿಲ್ಲ, ನಾಳೆ ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಹೋಗಿ. ಜೆರಾಕ್ಸ್ ಎರಡಿರಲಿ.