ಪ್ರತಿ: ಕ್ಯಾಲೊರಿಮೀಟರನ್ನು ಅಷ್ಟು ಸಣ್ಣ ಕೋಶಗಳಾಗಿ ಮಾಡೋದು ಯಾಕೆ?

ಕ್ಯಾಲೊರಿಮೀಟರ್ ಅಂದರೆ ಕಣಗಳ ಶಕ್ತಿ ಅಳೆಯುವ ಉಪಕರಣ. ಸರ್ನ್‌ನ ಸಿಎಂಎಸ್ ಪ್ರಯೋಗದ ಲೆಡ್ ಟಂಗ್‌ಸ್ಟೇಟ್ ಹರಳುಗಳು ಫೋಟಾನ್ ಶಕ್ತಿಯನ್ನು ಅಷ್ಟು ಚೆನ್ನಾಗಿ ಅಳೆಯುವಾಗ, ಮುಂದಿನ ಎಲೆಕ್ಟ್ರಾನ್-ಪಾಸಿಟ್ರಾನ್ ಕೊಲೈಡರ್‌ಗಳಿಗೆ (ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರಗಳಿಗೆ) ಲಕ್ಷಗಟ್ಟಲೆ ಪುಟ್ಟ ಕೋಶಗಳು ಯಾಕೆ ಅಂತ ಕೇಳಿದ್ದೀರಿ.

ತಲೆನೋವು ಇರುವುದು ಜೆಟ್‌ಗಳಲ್ಲಿ, ಅಂದರೆ ಒಟ್ಟಾಗಿ ಒಂದೇ ದಿಕ್ಕಿಗೆ ಚಿಮ್ಮುವ ಕಣಗಳ ಗುಂಪುಗಳಲ್ಲಿ. ಡಬ್ಲ್ಯೂ ಕಣದ ರಾಶಿ ಸುಮಾರು 80 ಜಿಇವಿ (ಕಣಗಳ ರಾಶಿ, ಶಕ್ತಿ ಹೇಳುವ ಮಾನ), ಜೆಡ್‌ನದ್ದು 91. ಎರಡೂ ಜೋಡಿ ಜೆಟ್‌ಗಳಾಗಿ ಒಡೆದಾಗ ಯಾವುದು ಯಾವುದು ಅಂತ ಗೊತ್ತಾಗಬೇಕಾದರೆ ಜೆಟ್ ಶಕ್ತಿಯ ಅಳತೆಯಲ್ಲಿ ಏರುಪೇರು ಶೇ. 3-4ರೊಳಗೆ ಇರಬೇಕು. ಹ್ಯಾಡ್ರಾನ್‌ಗಳನ್ನು (ಪ್ರೋಟಾನ್, ನ್ಯೂಟ್ರಾನ್‌ನಂಥ ಕಣಗಳನ್ನು) ಅಳೆಯುವ ಹ್ಯಾಡ್ರಾನ್ ಕ್ಯಾಲೊರಿಮೀಟರನ್ನೇ ನಂಬಿದರೆ ಇದು ಕಷ್ಟ.

ಆದರೆ ಜೆಟ್‌ನ ಶಕ್ತಿಯಲ್ಲಿ ಸುಮಾರು ಶೇ. 60 ವಿದ್ಯುದಾವೇಶದ ಕಣಗಳದ್ದು, ಅದನ್ನು ಟ್ರ್ಯಾಕರ್ (ಕಣಗಳ ಹಾದಿ ಗುರುತಿಸುವ ಭಾಗ) ತುಂಬಾ ಚೆನ್ನಾಗಿ ಅಳೆಯುತ್ತದೆ. ಶೇ. 30ರಷ್ಟು ಫೋಟಾನ್‌ಗಳದ್ದು. ಹ್ಯಾಡ್ರಾನ್ ಭಾಗಕ್ಕೆ ಬಿಡಬೇಕಾದದ್ದು ನ್ಯೂಟ್ರಾನ್‌ನಂಥ ಆವೇಶವಿಲ್ಲದ ಹ್ಯಾಡ್ರಾನ್‌ಗಳ ಶೇ. 10 ಅಷ್ಟೇ! ಹೀಗೆ ಒಂದೊಂದು ಬಗೆಯ ಕಣವನ್ನು ಅದನ್ನು ಚೆನ್ನಾಗಿ ಅಳೆಯುವ ಭಾಗದಿಂದಲೇ ಅಳೆಯುವುದಕ್ಕೆ ಪಾರ್ಟಿಕಲ್ ಫ್ಲೋ ಅಂತಾರೆ. ಹಾಗೆ ಲೆಕ್ಕ ಹಾಕಬೇಕಾದರೆ ಅಕ್ಕಪಕ್ಕ ಬಿದ್ದ ಶವರ್‌ಗಳು (ಒಂದೊಂದು ಕಣ ಕ್ಯಾಲೊರಿಮೀಟರಿಗೆ ಬಡಿದಾಗ ಹುಟ್ಟುವ ಕಣಗಳ ಮಳೆ) ಕಲಸಿಹೋಗಬಾರದು, ಅಲ್ವಾ? ಕೋಶ ಸಣ್ಣದಾಗಿರಬೇಕಾದದ್ದು ಅದಕ್ಕೇ. ಇಂಥ ಕ್ಯಾಲೊರಿಮೀಟರ್‌ಗಳನ್ನು ರೂಪಿಸುವ ಕ್ಯಾಲಿಸ್ ತಂಡದ ಒಂದು ಮಾದರಿಯಲ್ಲಿ 3 ಸೆಂ.ಮೀ. ಚೌಕದ ಸಿಂಟಿಲೇಟರ್ (ಕಣ ಹಾದುಹೋದಾಗ ಮಿನುಗುವ ವಸ್ತು) ಬಿಲ್ಲೆಗಳಿವೆ. ಪ್ರತಿಯೊಂದಕ್ಕೂ ಬೇರೆ ಬೇರೆ ಸಿಲಿಕಾನ್ ಫೋಟೊಮಲ್ಟಿಪ್ಲಯರ್, ಅಂದರೆ ಆ ಬೆಳಕನ್ನು ಹಿಡಿಯುವ ಪುಟ್ಟ ಸಂವೇದಕ. ವೈರಿಂಗ್, ಕೂಲಿಂಗ್ ಗೋಳು ಕೇಳಲೇಬೇಡಿ.

ಹಾಗಂತ ಹರಳುಗಳನ್ನು ಯಾರೂ ಮೂಲೆಗೆ ಹಾಕಿಲ್ಲ. ಚೆರೆಂಕೋವ್ ಬೆಳಕು (ಹರಳಿನಲ್ಲಿ ಬೆಳಕಿಗಿಂತ ವೇಗವಾಗಿ ಸಾಗುವ ಆವೇಶದ ಕಣ ಹೊಮ್ಮಿಸುವ ಬೆಳಕು), ಸಿಂಟಿಲೇಷನ್ ಬೆಳಕು (ಹರಳಿನ ಮಿನುಗು) ಎರಡನ್ನೂ ಬೇರೆ ಬೇರೆಯಾಗಿ ಓದುವ ‘ಡ್ಯುಯಲ್ ರೀಡೌಟ್’ ಹರಳುಗಳ ಯೋಜನೆಯೂ ಇದೆ. ನನಗಂತೂ ಅದೇ ಜಾಸ್ತಿ ಇಷ್ಟ.